ಬೆಂಕಿ ಆರಿದ್ದು ಎರಡು ಗಂಟೇಲಿ, ಕ್ಲೇಮ್ ಮುಗಿದಿದ್ದು ಹನ್ನೊಂದು ತಿಂಗಳಿಗೆ

ಮನೆಗೆ ಬೆಂಕಿ ಬಿತ್ತು ಅಂದ್ರೆ ಜನ ಕೇಳೋ ಮೊದಲ್ನೇ ಪ್ರಶ್ನೆ "ಯಾರಿಗೂ ಏನೂ ಆಗ್ಲಿಲ್ಲ ತಾನೆ?" ಎರಡ್ನೇದು "ಇನ್ಶೂರೆನ್ಸ್ ಇತ್ತಾ?" ಎರಡಕ್ಕೂ ನನ್ನ ಹತ್ರ ಒಳ್ಳೇ ಉತ್ತರಾನೇ ಇತ್ತು. ಯಾರಿಗೂ ಏನೂ ಆಗಿರ್ಲಿಲ್ಲ, ಇನ್ಶೂರೆನ್ಸೂ ಇತ್ತು. "ಹಾಗಾದ್ರೆ ಬಿಡಪ್ಪ, ಏನ್ ಯೋಚ್ನೆ" ಅಂತ ಬೆನ್ನು ತಟ್ಟಿ ಹೋಗೋರು. ನಾನೂ ಹಾಗೇ ಅಂದ್ಕೊಂಡಿದ್ದೆ, ಒಂದು ಹತ್ತು ದಿನ.

ಆಮೇಲಿಂದ ಮೂರ್ನಾಲ್ಕು ಜನ ಫೋನ್ ಮಾಡಿ ಕೇಳಿದಾರೆ, ನೀನು ಎಲ್ಲಾ ಮಾಡಿ ಮುಗಿಸಿದೀಯಲ್ಲ, ಏನೇನ್ ಮಾಡ್ಬೇಕು ಹೇಳು ಅಂತ, ಒಬ್ಬೊಬ್ರಿಗೂ ಒಂದೊಂದು ಗಂಟೆ ಹೇಳಿ ಹೇಳಿ ಗಂಟಲು ಒಣಗಿ ಈಗ ಒಂದ್ಸಲ ಬರ್ದೇ ಬಿಡೋಣ ಅಂತ ಕೂತಿದೀನಿ. ನಾನೇನು ಎಕ್ಸ್‌ಪರ್ಟ್ ಅಲ್ಲ, ಸುಟ್ಕೊಂಡು ಕಲ್ತೋನು, ಅಷ್ಟೇ.

ಬೆಂಕಿ ಶುರುವಾಗಿದ್ದು ಅಡುಗೆಮನೇಲಿ, ಫ್ರಿಜ್ ಹಿಂದೆ, ರಾತ್ರಿ ಒಂದೂವರೆ ಸುಮಾರಿಗೆ. ನನ್ನ ಹೆಂಡ್ತಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದು ಎಚ್ಚರ ಆಯ್ತು, ಮಕ್ಕಳನ್ನ ಎತ್ಕೊಂಡು ಹೊರಗೆ ಓಡಿದ್ವಿ, ಅಗ್ನಿಶಾಮಕದೋರು ಬಂದು ಮೂರೂವರೆಗೆಲ್ಲ ಆರಿಸಿಬಿಟ್ರು. ಅಡುಗೆಮನೆ ಪೂರ್ತಿ ಹೋಯ್ತು, ಪಕ್ಕದ ಸ್ಟೋರ್ ರೂಮು ಅಟ್ಟದ ಸಮೇತ ಹೋಯ್ತು, ಮೇಲೆ ಚಾವಣೀಲಿ ಒಂದು ದೊಡ್ಡ ತೂತು. ಹಾಲಿಗೆ ಬೆಂಕಿ ತಾಗಿರ್ಲೇ ಇಲ್ಲ, ಆದ್ರೆ ಮಸಿ. ಮಸಿ ಅಂದ್ರೆ ಯಾವ ಥರ ಅಂದ್ರೆ ಗೋಡೆ ಗಡಿಯಾರ ತೆಗ್ದ್ರೆ ಅದರ ಹಿಂದೆ ಗೋಡೆ ಮೇಲೆ ಇನ್ನೊಂದು ಬಿಳೀ ಗಡಿಯಾರ ಕಾಣ್ಸೋದು. ಬೆಂಕಿ, ಮಸಿ ಎರಡೂ ಸೋಕದೆ ಇದ್ದ ಪುಸ್ತಕದ ರೂಮಿಗೆ ನೀರು ನುಗ್ಗಿತ್ತು.

ಬೆಳಗ್ಗೆ ನಾನು ಪೊರಕೆ ಹಿಡ್ಕೊಂಡು ನಿಂತಿದ್ದೆ. ಯಾಕೆ ಅಂತ ಕೇಳ್ಬೇಡಿ. ಪಾದ ಮುಳುಗೋಷ್ಟು ಕಪ್ಪು ನೀರು ನಿಂತಿದೆ, ಮನೆ ಅರ್ಧ ಕರಕಲು, ನಾನು ಹಾಲಿನ ಒಂದು ಮೂಲೇನ ಗುಡಿಸ್ತಾ ಇದೀನಿ. ಅಷ್ಟೊತ್ತಿಗೆ ನಮ್ಮಕ್ಕ ಬಂದ್ಲು. ಮೂವತ್ತು ವರ್ಷ ಲೆಕ್ಕಪತ್ರದ ಕೆಲ್ಸ ಮಾಡಿ ರಿಟೈರ್ ಆದೋಳು, ಜೀವನದಲ್ಲಿ ಒಂದು ರಸೀದಿ ಬಿಸಾಕಿದೋಳಲ್ಲ. ಬಾಗಿಲಲ್ಲೇ ನಿಂತು "ಲೋ, ಪೊರಕೆ ಕೆಳಗಿಡು. ಅಳೋದಿದ್ರೆ ಆಮೇಲೆ ಅಳು, ಮೊದ್ಲು ಫೋಟೋ ತೆಗಿ" ಅಂದ್ಲು. ಇಡೀ ಹನ್ನೊಂದು ತಿಂಗಳಲ್ಲಿ ನನಗೆ ಸಿಕ್ಕ ಅತಿ ಬೆಲೆಬಾಳೋ ಸಲಹೆ ಅದೇ, ಅದೂ ಬಿಟ್ಟಿ.

ಫೋಟೋ ಅಂದ್ರೆ ನಾಲ್ಕು ಫೋಟೋ ಅಲ್ಲ. ಪ್ರತಿ ರೂಮಿಗೂ ನಾಲ್ಕು ಮೂಲೆಯಿಂದ, ಚಾವಣಿ, ನೆಲ, ಆಮೇಲೆ ಪ್ರತಿ ವಸ್ತು, ಆಮೇಲೆ ಆ ವಸ್ತು ಹಿಂದೆ ಅಂಟಿಸಿರೋ ಮಾಡೆಲ್ ನಂಬರ್ ಚೀಟಿ ಉಳ್ದಿದ್ರೆ ಅದರ ಹತ್ತಿರದ್ದು. ಬೀರು ಬಾಗಿಲು ತೆಗ್ದು ಒಳಗಿಂದು. ಡ್ರಾಯರ್ ಎಳ್ದು ಒಳಗಿಂದು. ಒಂದು ರೌಂಡ್ ವಿಡಿಯೋ, ಮಾತಾಡ್ತಾ, ಇದು ಏನಾಗಿತ್ತು ಇದು ಏನಾಗಿತ್ತು ಅಂತ. ಅವತ್ತು ತೆಗ್ದಿದ್ದು ಆರ್ನೂರಕ್ಕೂ ಜಾಸ್ತಿ, ಆಮೇಲೆ ಕೆಲಸಕ್ಕೆ ಬಂದಿದ್ದು ಒಂದು ಐವತ್ತೇನೋ, ಆದ್ರೆ ಯಾವ ಐವತ್ತು ಅಂತ ಅವತ್ತು ಯಾರಿಗ್ ಗೊತ್ತಿತ್ತು?

ಇನ್ನೊಂದು, ಏನನ್ನೂ ಬಿಸಾಕ್ಬೇಡಿ. ಕರಕಲಾದ ಮಿಕ್ಸಿ ನೋಡಿದ್ರೆ ಹೊಟ್ಟೆ ಉರಿಯತ್ತೆ, ಕಣ್ಮುಂದೆ ಇರ್ಬಾರ್ದು ಅನ್ಸತ್ತೆ, ಆದ್ರೂ ಇಟ್ಕೊಳಿ, ನಷ್ಟ ಎಷ್ಟು ಅಂತ ನೋಡಕ್ಕೆ ಕಂಪ್ನಿ ಕಳ್ಸೋ ಸರ್ವೇಯರ್ ಬಂದು ನೋಡೋವರ್ಗೂ ಅದು ಕಸ ಅಲ್ಲ ಸಾಕ್ಷಿ. ಹಾಗಂತ ಕೈಕಟ್ಟಿ ಕೂರೋ ಹಾಗೂ ಇಲ್ಲ, ಇಲ್ಲೇ ಬಹಳ ಜನ ಎಡವೋದು. ನಷ್ಟ ಇನ್ನೂ ಜಾಸ್ತಿ ಆಗ್ದೇ ಇರೋ ಹಾಗೆ ನೋಡ್ಕೊಳೋದು ನಮ್ಮ ಜವಾಬ್ದಾರಿ ಅಂತ ಹೆಚ್ಚುಕಮ್ಮಿ ಎಲ್ಲಾ ಪಾಲಿಸೀಲೂ ಬರ್ದಿರತ್ತೆ. ಚಾವಣಿ ತೂತಿಗೆ ಟಾರ್ಪಾಲ್ ಹೊದಿಸ್ಲಿಲ್ಲ, ನಾಲ್ಕು ದಿನ ಆದ್ಮೇಲೆ ಮಳೆ ಬಂದು ಕೆಳಗಿನ ಮರಮುಟ್ಟು ಹಾಳಾಯ್ತು ಅಂದ್ರೆ ಆ ಎರಡ್ನೇ ಹಾಳಿಗೆ ನೀವೇ ಹೊಣೆ ಅಂತಾರೆ. ಹಾಗಾಗಿ ಟಾರ್ಪಾಲ್ ಕಟ್ಟಿಸಿದ್ವಿ, ಕರೆಂಟ್ ಲೈನ್ ಬಿಡಿಸಿದ್ವಿ, ನೀರು ಪಂಪ್ ಹಾಕಿ ತೆಗ್ಸಿದ್ವಿ, ಒದ್ದೆ ಕಾರ್ಪೆಟ್ ಹೊರಗೆ ಹಾಕಿದ್ವಿ. ಪ್ರತಿಯೊಂದರ ಬಿಲ್ಲೂ ಅಕ್ಕ ಒಂದು ಶೂ ಡಬ್ಬಿಗೆ ಹಾಕಿದ್ಲು, ಕೊನೆಗೆ ಆ ತಾತ್ಕಾಲಿಕ ರಿಪೇರಿ ಖರ್ಚೂ ಕ್ಲೇಮಲ್ಲಿ ಸಿಕ್ತು. ಪರ್ಮನೆಂಟ್ ರಿಪೇರಿ ಮಾತ್ರ ಅವರು ನೋಡೋ ಮುಂಚೆ ಶುರು ಮಾಡ್ಬಾರ್ದು. ಮೇಸ್ತ್ರಿ ಅವಸರ ಮಾಡ್ತಾನೆ, ಮಾಡ್ಲಿ.

ಅದೇ ದಿನ ಕಂಪ್ನಿಗೆ ತಿಳಿಸಿ ಕ್ಲೇಮ್ ನಂಬರ್ ತಗೊಂಡ್ವಿ. ಅಕ್ಕ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟು ಯಾರ ಹತ್ರ ಮಾತಾಡಿದ್ರೂ ತಾರೀಕು, ಟೈಮು, ಹೆಸರು, ಏನಂದ್ರು, ಎಲ್ಲಾ ಬರ್ದಿಡು ಅಂದ್ಲು. ಫೋನಲ್ಲಿ ಮಾತಾಡಿದ ಮೇಲೆ "ಇವತ್ತು ನಾವು ಮಾತಾಡಿದ ಪ್ರಕಾರ" ಅಂತ ಶುರು ಮಾಡಿ ನಾಲ್ಕು ಸಾಲಿನ ಮೇಲ್ ಹಾಕೋದು. ಮೊದ್ಲು ಇದೆಲ್ಲಾ ಅತಿ ಅನ್ನಿಸ್ತು. ಐದ್ನೇ ತಿಂಗಳಲ್ಲಿ ನಮ್ಮ ಫೈಲ್ ನೋಡ್ತಿದ್ದೋರು ಬದಲಾಗಿ ಹೊಸಬರು ಬಂದು "ನೀವು ಆ ಎಸ್ಟಿಮೇಟ್ ಕಳಿಸೇ ಇಲ್ವಲ್ಲ ಸರ್" ಅಂದಾಗ, ತಾರೀಕು ಸಮೇತ ಮೇಲ್ ಫಾರ್ವರ್ಡ್ ಮಾಡಿದ್ನಲ್ಲ, ಆ ಸುಖ ನಿಮಗೆ ಹೇಗ್ ಹೇಳ್ಲಿ. ಅಗ್ನಿಶಾಮಕದೋರ ರಿಪೋರ್ಟ್ ಪ್ರತಿನೂ ಆ ವಾರವೇ ಅರ್ಜಿ ಹಾಕಿ ತಗೊಳಿ, ಅದಿಲ್ದೆ ಫೈಲ್ ಒಂದಿಂಚೂ ಮುಂದೆ ಹೋಗಲ್ಲ.

ಇನ್ನು ಸರ್ವೇಯರ್ ವಿಷ್ಯ. ಕೆಲವು ದೇಶಗಳಲ್ಲಿ ಲಾಸ್ ಅಡ್ಜಸ್ಟರ್ ಅಂತಾರೆ, ಕೆಲಸ ಒಂದೇ, ಎಷ್ಟು ನಷ್ಟ ಆಗಿದೆ, ಯಾಕೆ ಆಗಿದೆ, ಪಾಲಿಸಿ ಪ್ರಕಾರ ಎಷ್ಟು ಬರತ್ತೆ ಅಂತ ರಿಪೋರ್ಟ್ ಬರೆಯೋದು. ಇವ್ರನ್ನ ನೇಮಿಸೋದು ಕಂಪ್ನಿ, ಫೀಸ್ ಕೊಡೋದೂ ಕಂಪ್ನಿ. ಹಾಗಾಗಿ ನಾನು ಜಗಳಕ್ಕೆ ರೆಡಿಯಾಗೇ ಇದ್ದೆ. ಬಂದೋರು ಐವತ್ತೈದರ ಆಸುಪಾಸಿನ ಮನುಷ್ಯ, ಕೈಯಲ್ಲೊಂದು ಟಾರ್ಚು, ಅಳತೆ ಟೇಪು, ಮಾತೇ ಕಮ್ಮಿ. ಮೂರು ಗಂಟೆ ಮನೆ ಸುತ್ತಿದ್ರು. ಪುಸ್ತಕದ ರೂಮಲ್ಲಿ ಒಂದು ಗೋಡೆ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಹೆಬ್ಬೆರಳಲ್ಲಿ ಒತ್ತಿದ್ರು, ಪ್ಲಾಸ್ಟರ್ ಬಿಸ್ಕತ್ ಥರ ಒಳಗೆ ಕುಸೀತು. ಉಗುರಲ್ಲಿ ಕೆರೆದ್ರು. ಮೇಲಿನ ಬಣ್ಣದ ಕೆಳಗೆ ಹಳದಿ ಗೆರೆ, ಅದರ ಕೆಳಗೆ ಬಿಳೀ ಉಪ್ಪಿನ ಪುಡಿ. ನನ್ನ ಮುಖ ನೋಡಿ "ಇದು ಬೆಂಕಿ ದಿನದ ನೀರಲ್ಲ ಅಲ್ವಾ ಸರ್?" ಅಂದ್ರು.

ಅಲ್ಲ. ಎರಡು ವರ್ಷದಿಂದ ಅಲ್ಲಿ ಪೈಪ್ ಸೋರಿ ತೇವ ಇತ್ತು, ಮಾಡಿಸೋಣ ಮಾಡಿಸೋಣ ಅಂತ ಬಿಟ್ಟಿದ್ವಿ. ಬಾಯಿಗೆ ಬಂದ ಮೊದಲ ಮಾತು "ಇಲ್ಲ ಸರ್, ಅವತ್ತಿನದೇ" ಅನ್ನೋದು, ನಿಜ ಹೇಳ್ತೀನಿ, ನಾಲಿಗೆ ತುದೀಲಿತ್ತು. ನನ್ನ ಹೆಂಡ್ತಿ ಹಿಂದಿಂದ "ಅದು ಹಳೇದು ಸರ್, ನಮ್ದೇ ತಪ್ಪು" ಅಂದ್ಬಿಟ್ಲು. ಅವರು ತಲೆ ಆಡಿಸಿ ಬರ್ಕೊಂಡ್ರು. ಅಲ್ಲಿಂದ ಮುಂದಕ್ಕೆ ಆ ಮನುಷ್ಯ ನಮ್ಮನ್ನ ನೋಡೋ ರೀತಿನೇ ಬೇರೆ ಆಯ್ತು, ನಾವು ಹೇಳಿದ್ದನ್ನ ಎರಡೆರಡು ಸಲ ಕೆದಕ್ತಿರ್ಲಿಲ್ಲ. ಆ ಒಂದು ಗೋಡೆ ಪ್ಲಾಸ್ಟರ್ ಕ್ಲೇಮಿಂದ ಹೋಯ್ತು, ಹೋಗ್ಲಿ. ಸವೆತ, ಹಳೇ ಸೋರಿಕೆ, ಗೆದ್ದಲು, ನಿರ್ವಹಣೆ ಮಾಡದೆ ಹಾಳಾಗಿದ್ದು, ಇವು ಇನ್ಶೂರೆನ್ಸಿಗೆ ಸೇರೋದೇ ಇಲ್ಲ, ಅಕಸ್ಮಾತ್ ಆಗಿದ್ದು ಮಾತ್ರ ಸೇರೋದು. ಆದ್ರೆ ಅಲ್ಲಿ ಸುಳ್ಳು ಹೇಳಿ ಸಿಕ್ಕಾಕೊಂಡಿದ್ರೆ ಆ ಗೋಡೆ ಒಂದೇ ಅಲ್ಲ, ಇಡೀ ಕ್ಲೇಮೇ ಹೋಗೋ ಸಾಧ್ಯತೆ ಇತ್ತು. ವಿಮೆ ಒಪ್ಪಂದದಲ್ಲಿ ಎರಡೂ ಕಡೆಯವರು ಪರಮ ಪ್ರಾಮಾಣಿಕರಾಗಿರ್ಬೇಕು ಅಂತ ಇಂಗ್ಲೆಂಡಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ 1766ರಲ್ಲೇ ತೀರ್ಪು ಕೊಟ್ಟಿದ್ದಂತೆ, ಇವತ್ತಿಗೂ ಲೋಕ ನಡೀತಿರೋದು ಹೆಚ್ಚುಕಮ್ಮಿ ಅದರ ಮೇಲೇನೇ. ನಮ್ಮನೇಲಿ ಮ್ಯಾನ್ಸ್‌ಫೀಲ್ಡ್ ಯಾರು ಅಂತ ಗೊತ್ತಾಯ್ತಲ್ಲ.

ಮ್ಯಾನ್ಸ್‌ಫೀಲ್ಡ್ ನನಗೆ ಎಲ್ಲಿ ಸಿಕ್ಕ ಅಂದ್ರೆ, ಬಾಡಿಗೆ ಮನೇಲಿ ರಾತ್ರಿ ನಿದ್ದೆ ಬರ್ತಿರ್ಲಿಲ್ಲ, ಫೋನ್ ಹಿಡ್ಕೊಂಡು ಇನ್ಶೂರೆನ್ಸ್ ಇತಿಹಾಸ ಓದೋ ಚಟ ಹತ್ತಿತ್ತು. ಜನಕ್ಕೆ ಚಿಂತೆ ಬಂದ್ರೆ ಸಿಗರೇಟು, ನನಗೆ ಇದು. ಬಾಡಿಗೆ ಅಂದ ಕೂಡ್ಲೆ ನೆನಪಾಯ್ತು, ಮನೆ ವಾಸಕ್ಕೆ ಯೋಗ್ಯ ಇಲ್ದಿರೋ ಅವಧಿಗೆ ಬೇರೆ ಕಡೆ ಇರೋ ಖರ್ಚು ಕೊಡೋ ಕಲಂ ಬಹಳ ಪಾಲಿಸೀಲಿ ಇರತ್ತೆ, ಇಷ್ಟು ತಿಂಗಳು ಅಂತ ಮಿತಿ ಇರತ್ತೆ, ನಮ್ಮದ್ರಲ್ಲಿ ಆರು ತಿಂಗಳಿತ್ತು, ಯಾರೂ ತಾವಾಗೇ ಹೇಳ್ಲಿಲ್ಲ, ನಾನೇ ಓದಿ ಕೇಳಿದ್ಮೇಲೆ "ಹೌದು ಸರ್, ಇದೆ" ಅಂದ್ರು.

ಪಾಲಿಸಿ ಓದೋದು ಅಂದ್ರೆ ಮೊದಲ ಪುಟದ ಬಣ್ಣದ ಸರ್ಟಿಫಿಕೇಟ್ ಅಲ್ಲ, ಅದರ ಹಿಂದೆ ಬರೋ ಮೂವತ್ತು ನಲವತ್ತು ಪುಟದ ಸಣ್ಣಕ್ಷರ. ನಾನು ಏಳು ವರ್ಷ ಪ್ರೀಮಿಯಂ ಕಟ್ಟಿದೀನಿ, ಅದನ್ನ ಓದಿದ್ದು ಮನೆ ಸುಟ್ಟ ಮೇಲೆ. ಅಲ್ಲಿ ಒಂದು ತಮಾಷೆ ಕಲಂ ಸಿಕ್ತು. ಶಾರ್ಟ್ ಸರ್ಕ್ಯೂಟ್ ಆಗಿ ಯಾವ ಉಪಕರಣ ಸುಟ್ಟಿತೋ ಆ ಉಪಕರಣಕ್ಕೆ ದುಡ್ಡಿಲ್ಲ, ಆದ್ರೆ ಅದರಿಂದ ಹರಡಿದ ಬೆಂಕೀಲಿ ಸುಟ್ಟ ಬೇರೆ ಎಲ್ಲಕ್ಕೂ ಇದೆ. ಅಂದ್ರೆ ಅಡುಗೆಮನೆ, ಚಾವಣಿ, ಅಟ್ಟ ಎಲ್ಲಾ ಬಂತು, ಫ್ರಿಜ್ ಒಂದು ಬರ್ಲಿಲ್ಲ. ಅಪರಾಧಿಗೆ ಪರಿಹಾರ ಇಲ್ಲ ಅಂದ್ಕೊಂಡು ನಕ್ಕು ಸುಮ್ನಾದೆ.

ಪುಸ್ತಕದ ರೂಮಿಗೆ ನುಗ್ಗಿದ ನೀರಿನ ಬಗ್ಗೆ ಮಾತ್ರ ಭಯ ಇತ್ತು, ಅಲ್ಲಿ ಬೆಂಕಿನೇ ಹೋಗಿಲ್ವಲ್ಲ, ಕೊಡ್ತಾರೋ ಇಲ್ವೋ ಅಂತ. ಕೊಟ್ರು. ಯಾಕಂದ್ರೆ ನೋಡೋದು ಕೊನೇಲಿ ಏನ್ ತಾಗ್ತು ಅಂತ ಅಲ್ಲ, ಮೂಲ ಕಾರಣ ಯಾವ್ದು ಅಂತ. ಬೆಂಕಿ ಆರ್ಸಕ್ಕೆ ಹಾಕಿದ ನೀರು ಬೆಂಕಿ ಲೆಕ್ಕಕ್ಕೇ ಸೇರತ್ತೆ, ಹೊಗೆ ಮಸಿನೂ ಅಷ್ಟೆ. ಈ ಮೂಲ ಕಾರಣದ ವಿಚಾರ ಓದ್ತಾ ಓದ್ತಾ ಒಂದು ಹಡಗಿನ ಕಥೆ ಸಿಕ್ತು. ಮೊದಲ್ನೇ ಮಹಾಯುದ್ಧದಲ್ಲಿ, 1915ರಲ್ಲಿ, ಇಕಾರಿಯಾ ಅನ್ನೋ ಹಡಗಿಗೆ ಜರ್ಮನ್ ಟಾರ್ಪಿಡೋ ಬಡೀತು, ಹೇಗೋ ಏನೋ ಫ್ರಾನ್ಸಿನ ಬಂದರಿಗೆ ಎಳ್ಕೊಂಡು ಬಂದ್ರು, ಅಲ್ಲಿ ಬಿರುಗಾಳಿಗೆ ಹೊಯ್ದಾಡಿ ಹೊಯ್ದಾಡಿ ಮುಳುಗ್ತು. ಸಮುದ್ರದ ಅಪಾಯಕ್ಕೆ ವಿಮೆ ಇತ್ತು, ಯುದ್ಧಕ್ಕೆ ಇರ್ಲಿಲ್ಲ. ಮಾಲೀಕರು ಬಿರುಗಾಳಿ ಅಂದ್ರು, ಕಂಪ್ನಿ ಟಾರ್ಪಿಡೋ ಅಂತು. 1918ರಲ್ಲಿ ಕೋರ್ಟು ಟಾರ್ಪಿಡೋನೇ ಕಾರಣ ಅಂತ ಹೇಳ್ತು, ದುಡ್ಡು ಬರ್ಲಿಲ್ಲ. ಅದೇ ತರ್ಕ ನನ್ನ ಪುಸ್ತಕಗಳನ್ನ ಉಳಿಸ್ತು ಅಂದ್ಕೊಂಡ್ರೆ ವಿಚಿತ್ರ ಅನ್ಸತ್ತೆ.

ಎಲ್ರಿಗೂ ಇಷ್ಟು ಸಲೀಸಾಗಿ ಆಗಲ್ಲ ಬಿಡಿ. 2005ರಲ್ಲಿ ಕತ್ರೀನಾ ಚಂಡಮಾರುತ ಆದ್ಮೇಲೆ ಅಮೆರಿಕದಲ್ಲಿ ಎಷ್ಟೋ ಮನೆಗಳಿದ್ದ ಕಡೆ ಬರೀ ತಳಪಾಯ ಉಳ್ದಿತ್ತು, ಗಾಳಿಗೆ ಹೋಗಿದ್ರೆ ಮನೆ ಪಾಲಿಸಿ ಕೊಡ್ಬೇಕು, ಪ್ರವಾಹಕ್ಕೆ ಹೋಗಿದ್ರೆ ಅದಕ್ಕೆ ಬೇರೆ ಪಾಲಿಸಿ ಇರ್ಬೇಕು, ಈಗ ಖಾಲಿ ತಳಪಾಯ ನೋಡಿ ಗಾಳಿನೋ ನೀರೋ ಅಂತ ಯಾರ್ ಹೇಳ್ತಾರೆ? ವರ್ಷಗಟ್ಲೆ ಕೋರ್ಟಲ್ಲಿ ನಡೀತು. 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದಲ್ಲಿ ಇನ್ನೊಂಥರ, ಪಾಲಿಸಿ ಇದ್ದಿದ್ದು ಬೆಂಕಿಗೆ, ನಡುಗಿದ್ದಕ್ಕಲ್ಲ, ಹಾಗಾಗಿ ಬಿರುಕು ಬಿಟ್ಟ ಮನೆಗೆ ತಾವೇ ಬೆಂಕಿ ಇಟ್ಟೋರೂ ಇದ್ರು ಅಂತಾರೆ. ಮೊದ್ಲು ಓದಿದಾಗ ಛೀ ಅನ್ಸಿತ್ತು. ನಮ್ಮ ಮನೆ ಹಾಲಲ್ಲಿ ನಿಂತು ನೆನೆಸ್ಕೊಂಡಾಗ ಅಷ್ಟು ಛೀ ಅನ್ಸ್ಲಿಲ್ಲ.

ಮಸಿ ಬಗ್ಗೆ ಒಂದು ಮಾತು ಹೇಳ್ಬಿಡ್ತೀನಿ. ವೈರಿನ ಮೇಲಿರೋ ಪಿವಿಸಿ ಸುಟ್ರೆ ಹೈಡ್ರೋಜನ್ ಕ್ಲೋರೈಡ್ ಬರತ್ತೆ, ತೇವದ ಜೊತೆ ಸೇರಿದ್ರೆ ಅದು ಆಸಿಡ್, ಲೋಹಾನ ನಿಧಾನಕ್ಕೆ ತಿನ್ನತ್ತೆ. ಹಾಲಿನ ಟೀವಿ ಅವತ್ತು ಆನ್ ಆಯ್ತು, ನಾನು ಖುಷಿಯಾಗಿ "ಇದು ಚೆನ್ನಾಗಿದೆ, ಬೇಡ" ಅಂತ ಲಿಸ್ಟಿಂದ ತೆಗ್ಸಕ್ಕೆ ಹೋದೆ, ಸರ್ವೇಯರೇ "ಇರ್ಲಿ ಬಿಡಿ ಸರ್, ಟೆಕ್ನಿಷಿಯನ್ ಹತ್ರ ತೆರೆಸಿ ನೋಡಿ" ಅಂದ್ರು. ತೆರೆದ್ರೆ ಬೋರ್ಡೆಲ್ಲ ಹಸಿರು ಕಿಲುಬು. ಮೂರ್ನೇ ವಾರಕ್ಕೆ ಸತ್ತೋಯ್ತು.

ಆಮೇಲೆ ಲಿಸ್ಟು. ಕಳ್ಕೊಂಡ ಪ್ರತಿ ವಸ್ತು, ಯಾವಾಗ ತಗೊಂಡಿದ್ದು, ಎಷ್ಟಕ್ಕೆ, ಈಗ ಹೊಸದಕ್ಕೆಷ್ಟು. ಸುಟ್ಟು ಬೂದಿಯಾದ ಸ್ಟೋರ್ ರೂಮಲ್ಲಿ ಏನೇನಿತ್ತು ಅಂತ ನಿಮ್ಮನೇದು ಈಗ ಹೇಳಿ ನೋಡೋಣ, ನಾನು ಕೂತು ಅರ್ಧ ಗಂಟೇಲಿ ಹದಿನಾಲ್ಕು ಐಟಂ ಬರ್ದೆ. ನನ್ನ ಹೆಂಡ್ತಿ ಅದನ್ನ ನೋಡಿ, ಪೆನ್ನು ನೀವೇ ಹಿಡ್ಕೊಳ್ರೀ ಅಂತ ಹೇಳಿ ಗೋಡೆಗೆ ಒರಗಿ ಕಣ್ಮುಚ್ಕೊಂಡ್ಲು. "ಬಾಗಿಲು ತೆಗ್ದೆ. ಎಡಗಡೆ ಮೊಳೆ, ಮೊಳೇಲಿ ಎರಡು ಛತ್ರಿ, ಒಂದು ರೇನ್‌ಕೋಟು. ಕೆಳಗೆ ಟೂಲ್ ಡಬ್ಬ. ಅದರ ಪಕ್ಕ ಹೊಲಿಗೆ ಮಷೀನು. ಇರ್ರೀ, ಮಷೀನ್ ಡ್ರಾಯರಲ್ಲಿ ಎರಡು ಕತ್ತರಿ, ದೊಡ್ಡದೊಂದು ಚಿಕ್ಕದೊಂದು." ಕೈ ಹಾಗೇ ಗಾಳೀಲಿ ಬೀರು ಬಾಗಿಲು ತೆಗೀತಿತ್ತು, ಅಟ್ಟಕ್ಕೆ ಕತ್ತು ಎತ್ತೋಳು, ಮುಂದಿರೋದನ್ನ ಸರಿಸಿ ಹಿಂದಿಂದು ನೋಡೋಳು. ಎರಡು ಗಂಟೆ. ಕಣ್ಣು ಬಿಟ್ಟಾಗ ನೂರಾ ಹದಿನೇಳಾಗಿತ್ತು. ನಾನು ಬರ್ದಿದ್ದ ಹದಿನಾಲ್ಕರಲ್ಲಿ ಎರಡು ಆ ರೂಮಲ್ಲಿ ಇರ್ಲೇ ಇಲ್ವಂತೆ. ಮೂರು ದಿನ ಹೀಗೆ ಒಂದೊಂದು ರೂಮು, ಒಟ್ಟು ಮುನ್ನೂರ ನಲವತ್ತು ಐಟಂ. ಬಿಲ್ ಇಲ್ದೇ ಇರೋದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟು, ಆನ್‌ಲೈನ್ ಆರ್ಡರ್ ಹಿಸ್ಟರಿ, ವಾರಂಟಿ ಕಾರ್ಡು, ಏನೂ ಇಲ್ಲಾಂದ್ರೆ ಮಕ್ಕಳ ಹುಟ್ಟುಹಬ್ಬದ ಹಳೇ ಫೋಟೋ. ಕೇಕ್ ಕಟ್ ಮಾಡೋ ಫೋಟೋಲಿ ಹಿಂದೆ ಕಾಣ್ಸೋ ಸಾಮಾನನ್ನ ಝೂಮ್ ಮಾಡಿ ಕಳ್ಸಿದ್ವಿ, ಒಪ್ಕೊಂಡ್ರು.

ಇಲ್ಲೀವರ್ಗೂ ಎಲ್ಲಾ ಒಂಥರಾ ಸರಿಯಾಗೇ ಹೋಗ್ತಿತ್ತು. ಮೂರ್ನೇ ತಿಂಗಳಲ್ಲಿ ಲೆಕ್ಕದ ಹಾಳೆ ಬಂತು. ನಷ್ಟ ಇಷ್ಟು ಅಂತ ಅವರು ಒಪ್ಪಿದ್ದು ನ್ಯಾಯವಾಗೇ ಇತ್ತು, ಅದರ ಕೆಳಗೆ ಒಂದು ಸಾಲು, "ಅಂಡರ್ ಇನ್ಶೂರೆನ್ಸ್ ಕಡಿತ". ಆ ಒಂದು ಸಾಲಲ್ಲಿ ಮೂರ್ನೇ ಒಂದು ಭಾಗಕ್ಕಿಂತ ಜಾಸ್ತಿ ಹೋಗಿತ್ತು. ನಾನು ತಪ್ಪಾಗಿ ಟೈಪ್ ಆಗಿದೆ ಅಂತ ಫೋನ್ ಮಾಡ್ದೆ.

ತಪ್ಪಾಗಿರ್ಲಿಲ್ಲ. ನಮ್ಮ ಪಾಲಿಸೀಲಿದ್ದ ಆವರೇಜ್ ಕ್ಲಾಜ್ ಅನ್ನೋ ಕಲಂ ಅದು, ಎಲ್ಲಾ ಪಾಲಿಸೀಲೂ ಇರಲ್ಲ. ಮನೇನ ಇವತ್ತು ಮತ್ತೆ ಕಟ್ಟಕ್ಕೆ 100 ಆಗತ್ತೆ ಅಂತ ಇಟ್ಕೊಳಿ, ನೀವು ಪಾಲಿಸೀಲಿ ಬರ್ಸಿರೋದು 60. ಈಗ 40ರಷ್ಟು ನಷ್ಟ ಆಯ್ತು. 40 ಅನ್ನೋದು 60ಕ್ಕಿಂತ ಕಮ್ಮಿ ತಾನೆ, ಪೂರ್ತಿ ಬರತ್ತೆ ಅಂತ ನಾನೂ ನೀವೂ ಅಂದ್ಕೊತೀವಿ. ಬರಲ್ಲ. 100ರಲ್ಲಿ 60ಕ್ಕೆ ಮಾತ್ರ ವಿಮೆ ಮಾಡ್ಸಿದೀರ, ಮಿಕ್ಕ 40 ಭಾಗಕ್ಕೆ ನೀವೇ ನಿಮ್ಮ ಇನ್ಶೂರೆನ್ಸ್ ಕಂಪ್ನಿ, ಹಾಗಾಗಿ ಪ್ರತಿ ನಷ್ಟದಲ್ಲೂ 60 ಪರ್ಸೆಂಟ್ ಅವರ್ದು, 40 ಪರ್ಸೆಂಟ್ ನಿಮ್ದು. 40ರಲ್ಲಿ 60 ಪರ್ಸೆಂಟ್ ಅಂದ್ರೆ 24. ಅದ್ರಲ್ಲಿ ಮತ್ತೆ ಎಕ್ಸೆಸ್ಸೋ ಡಿಡಕ್ಟಿಬಲ್ಲೋ ಏನಾದ್ರೂ ಕರೀರಿ, ಮೊದಲ ಇಷ್ಟು ನಿಮ್ಮ ಜೇಬಿಂದ ಅಂತ ಇರತ್ತಲ್ಲ, ಅದೂ ಕಳೀಬೇಕು. ಕೊರತೆ ಸ್ವಲ್ಪ ಇದ್ರೆ ಮನ್ನಾ ಮಾಡೋ ಪಾಲಿಸಿಗಳೂ ಇವೆ, ನಮ್ದು ಸ್ವಲ್ಪ ಅಲ್ವೇ ಅಲ್ಲ.

ಆ 60, ಅಂದ್ರೆ ಪಾಲಿಸೀಲಿ ಬರ್ಸೋ ವಿಮೆ ಮೊತ್ತ, ಸಮ್ ಇನ್ಶೂರ್ಡ್ ಅಂತಾರಲ್ಲ ಅದು, ಎಲ್ಲಿಂದ ಬಂತು ಗೊತ್ತಾ. ಏಳು ವರ್ಷದ ಹಿಂದೆ, ಮನೆ ಸಾಲದ ಪೇಪರ್ರಿಗೆ ಸೈನ್ ಮಾಡೋ ದಿನ, ಇಪ್ಪತ್ತೋ ಮೂವತ್ತೋ ಕಡೆ ಸೈನ್ ಹಾಕಿ ಕೈ ನೋಯ್ತಿತ್ತು, ಕೌಂಟರಲ್ಲಿದ್ದೋರು "ಸಮ್ ಇನ್ಶೂರ್ಡ್ ಎಷ್ಟು ಹಾಕ್ಲಿ ಸರ್, ಸಾಲದ ಮೊತ್ತನೇ ಹಾಕ್ಲಾ?" ಅಂದ್ರು. ನಾನು "ಹೂಂ ಹಾಕಿ" ಅಂದೆ. ಅಷ್ಟೇ. ಐದು ಸೆಕೆಂಡ್. ಸಾಲದ ಮೊತ್ತಕ್ಕೂ ಮನೆ ಕಟ್ಟೋ ಖರ್ಚಿಗೂ ಏನ್ ಸಂಬಂಧ? ಮಾರ್ಕೆಟ್ ರೇಟಿಗೂ ಸಂಬಂಧ ಇಲ್ಲ, ಅದ್ರಲ್ಲಿ ಜಾಗದ ಬೆಲೆ ಸೇರಿರತ್ತೆ, ಜಾಗ ಸುಟ್ಟೋಗಲ್ವಲ್ಲ. ಬೇಕಾಗಿರೋದು ಇವತ್ತಿನ ಸಿಮೆಂಟು ಕಬ್ಬಿಣ ಕೂಲಿ ರೇಟಲ್ಲಿ ಆ ಕಟ್ಟಡಾನ ಮತ್ತೆ ಎಬ್ಬಿಸೋ ಖರ್ಚು, ಕರಕಲು ಎತ್ತಿ ಹಾಕೋ ಖರ್ಚು, ಇಂಜಿನಿಯರ್ ಫೀಸು. ಅದೂ ಪ್ರತಿ ವರ್ಷ ರಿನ್ಯೂ ಮಾಡೋವಾಗ ಏರಿಸ್ಬೇಕು, ನಾನು ಏಳು ವರ್ಷ ಅದೇ ನಂಬರ್ರಿಗೆ ಓಕೆ ಒತ್ತಿದೀನಿ, ಪ್ರೀಮಿಯಂ ಜಾಸ್ತಿ ಆಗಿಲ್ಲ ಅಂತ ಖುಷಿ ಬೇರೆ ಪಟ್ಟಿದೀನಿ. 1666ರಲ್ಲಿ ಲಂಡನ್ ಬೆಂಕೀಲಿ ಹದಿಮೂರು ಸಾವಿರಕ್ಕೂ ಮೇಲೆ ಮನೆ ಸುಟ್ಟ ಮೇಲೆ, ಅಲ್ಲಿ ಮನೆಗಳಿಗೆ ಬೆಂಕಿ ವಿಮೆ ಶುರು ಮಾಡಿದ್ದು ನಿಕೋಲಸ್ ಬಾರ್ಬನ್ ಅನ್ನೋನು, ಅವನು ಸ್ವತಃ ಮನೆ ಕಟ್ಸೋ ಬಿಲ್ಡರ್. ಅವನಿಗೆ ಮನೆ ಕಟ್ಟಕ್ಕೆ ಎಷ್ಟಾಗತ್ತೆ ಅಂತ ಗೊತ್ತಿತ್ತು. ನನಗೆ ಗೊತ್ತಿರ್ಲಿಲ್ಲ, ಕೌಂಟರಲ್ಲಿದ್ದೋರಿಗೂ ಗೊತ್ತಿರ್ಲಿಲ್ಲ.

ಹಾಗಾಗಿ ಯಾರಾದ್ರೂ ಕ್ಲೇಮ್ ಹೇಗೆ ಮಾಡೋದು ಅಂತ ಕೇಳಿದ್ರೆ, ಮನೆ ಇನ್ನೂ ನಿಂತಿದ್ರೆ, ನಾನು ಮೊದ್ಲು ಕೇಳೋದು ಸಮ್ ಇನ್ಶೂರ್ಡ್ ಎಷ್ಟು, ಆ ನಂಬರ್ ಯಾರ್ ಹೇಳಿದ್ರು ಅಂತ. ನಾನು ಫೋಟೋ, ನೋಟ್‌ಬುಕ್, ಮುನ್ನೂರ ನಲವತ್ತು ಐಟಂ ಅಂತ ಹನ್ನೊಂದು ತಿಂಗಳು ಗುದ್ದಾಡಿ ಹೆಚ್ಚಿಗೆ ಗಳಿಸಿದ್ದಕ್ಕಿಂತ ಆ ಐದು ಸೆಕೆಂಡಲ್ಲಿ ಕಳೆದಿದ್ದು ಜಾಸ್ತಿ. ಇದನ್ನ ಅಕ್ಕನಿಗೆ ಹೇಳಿದಾಗ ಅವಳು ಏನೂ ಅನ್ಲಿಲ್ಲ. ಮನೆಗೆ ಹೋಗಿ ಅವಳ ಪಾಲಿಸಿ ತೆಗ್ದು ನೋಡಿದ್ಲಂತೆ, ರಾತ್ರಿ ಹತ್ತಕ್ಕೆ ಫೋನು, "ಲೋ, ನಂದೂ ಹಾಗೇ ಇದೆ ಕಣೋ."

ಜಗಳ ಮಾಡಿ ಏನಾದ್ರೂ ಸಿಕ್ತಾ ಅಂದ್ರೆ, ಸ್ವಲ್ಪ. ಆವರೇಜ್ ಲೆಕ್ಕದಲ್ಲಿ ಆ 100 ಅನ್ನೋ ಸಂಖ್ಯೆ ಇದೆಯಲ್ಲ, ಅದನ್ನ ಅವರು ಹೇಗೆ ತೆಗೆದ್ರು ಅಂತ ಕೇಳಿದ್ವಿ. ಚದರಡಿ ಲೆಕ್ಕದಲ್ಲಿ ಕಾಂಪೌಂಡ್ ಒಳಗಿನ ಶೆಡ್ಡನ್ನೂ ಪಕ್ಕಾ ಮನೆ ರೇಟಲ್ಲೇ ಸೇರ್ಸಿಬಿಟ್ಟಿದ್ರು. ನಾವು ಒಬ್ಬ ಸ್ವತಂತ್ರ ಇಂಜಿನಿಯರ್ ಕೈಲಿ ಅಳತೆ ಮಾಡ್ಸಿ ರಿಪೋರ್ಟ್ ಕೊಟ್ವಿ, 100 ಇಳೀತು, ನಮಗೆ ಬರೋ ದುಡ್ಡು ಏರಿತು. ಸಂಪೂರ್ಣ ಅಲ್ಲ, ಆದ್ರೆ ಇಂಜಿನಿಯರ್ ಫೀಸಿನ ಹತ್ತು ಪಟ್ಟು ಬಂತು. ಅವರ ನಂಬರ್ ನೋಡಿ ಕೂಗಾಡೋ ಬದ್ಲು ಆ ನಂಬರ್ ಹಿಂದಿನ ಲೆಕ್ಕ ಬರವಣಿಗೇಲಿ ಕೊಡಿ ಅನ್ನೋದು ಕೆಲ್ಸ ಮಾಡತ್ತೆ. ಕೂಗಾಡಿನೂ ನೋಡಿದೀನಿ, ಒಂದ್ಸಲ, ಏನೂ ಆಗ್ಲಿಲ್ಲ, ಬಿಪಿ ಮಾತ್ರ ಏರ್ತು.

ಮಿಕ್ಕಿದ್ದು ಬೇಗ ಹೇಳ್ತೀನಿ. ಸಾಮಾನುಗಳಿಗೆ ಸವಕಳಿ ಕಳೀತಾರೆ, ಒಂಬತ್ತು ವರ್ಷದ ವಾಷಿಂಗ್ ಮಷೀನಿಗೆ ಹೊಸದರ ದುಡ್ಡು ಬರಲ್ಲ, ನಷ್ಟ ತುಂಬ್ಕೊಡೋದು ಅಷ್ಟೇ ವಿಮೆ ಕೆಲ್ಸ, ಲಾಭ ಮಾಡ್ಕೊಡೋದಲ್ಲ. ಆದ್ರೆ ಕಟ್ಟಡಕ್ಕೆ ರೀಇನ್‌ಸ್ಟೇಟ್‌ಮೆಂಟ್ ವ್ಯಾಲ್ಯೂ ಅಂತ ಪಾಲಿಸೀಲಿದ್ರೆ ಹೊಸದಾಗಿ ಕಟ್ಟೋ ಖರ್ಚೇ ಬರತ್ತೆ, ಷರತ್ತು ಏನಂದ್ರೆ ನಿಜವಾಗ್ಲೂ ಕಟ್ಟಿ ಬಿಲ್ ತೋರಿಸ್ಬೇಕು, ಅದೂ ಗಡುವಿನ ಒಳಗೆ. ಮೊದ್ಲು ಸವಕಳಿ ಕಳೆದ ಮೊತ್ತ ಕೊಟ್ಟು, ಕಟ್ಟಿದ್ಮೇಲೆ ಮಿಕ್ಕಿದ್ದು ಕೊಡ್ತಾರೆ, ಎಷ್ಟೋ ಜನ ಆ ಎರಡ್ನೇ ಕಂತು ಕೇಳೋದನ್ನೇ ಮರೀತಾರೆ. ಸಾಲ ಇದ್ರೆ ಪಾಲಿಸೀಲಿ ಬ್ಯಾಂಕಿನ ಹೆಸ್ರೂ ಇರತ್ತೆ, ದುಡ್ಡು ಸೀದಾ ಬ್ಯಾಂಕಿಗೆ ಹೋಗ್ಬಹುದು, ಮೊದ್ಲೇ ಅವರ ಹತ್ರ ಮಾತಾಡ್ಕೊಳಿ, ನಾವು ಮಾತಾಡಿರ್ಲಿಲ್ಲ, ಐದು ವಾರ ಅದಕ್ಕೇ ಹೋಯ್ತು. ಅರೆಬರೆ ಸುಟ್ಟ ಕಬ್ಬಿಣ, ತಾಮ್ರದ ವೈರು, ಪಾತ್ರೆ ಇವಕ್ಕೆ ಸಾಲ್ವೇಜ್ ಅಂತ ಒಂದು ಬೆಲೆ ಕಟ್ಟಿ ಅದನ್ನೂ ಕಳೀತಾರೆ, ಕಳೆದ ಮೇಲೆ ಆ ಸಾಮಾನು ನಿಮ್ದೇ, ಗುಜರಿಗೆ ಹಾಕಿ.

ಮತ್ತೆ ಡಿಸ್ಚಾರ್ಜ್ ವೋಚರ್. ದುಡ್ಡು ಬರೋ ಮುಂಚೆ ಒಂದು ಹಾಳೆ ಬರತ್ತೆ, "ಪೂರ್ಣ ಮತ್ತು ಅಂತಿಮ ಇತ್ಯರ್ಥ, ಇನ್ನೇನೂ ಬಾಕಿ ಇಲ್ಲ" ಅಂತ. ಕೈ ಖಾಲಿ ಆಗಿರತ್ತೆ, ಮೇಸ್ತ್ರಿ ಬಾಕಿ ಕೇಳ್ತಿರ್ತಾನೆ, ಸೈನ್ ಹಾಕಿ ಬಿಸಾಕೋಣ ಅನ್ಸತ್ತೆ. ಹಾಕಿದ್ಮೇಲೆ ವಾಪಸ್ ಬಂದು ಜಗಳ ಆಡೋದು ಬಹಳ ಕಷ್ಟ. ನಾವು ಒಪ್ಪಿದ ಭಾಗಕ್ಕೆ ಮಾತ್ರ ಭಾಗಶಃ ಪಾವತಿ ಕೊಡಿ, ಶೆಡ್ ವಿಚಾರ ಇನ್ನೂ ಬಾಕಿ ಇದೆ ಅಂತ ಬರ್ದು ಕೇಳಿದ್ವಿ, ಮೊದ್ಲು ಆಗಲ್ಲ ಅಂದ್ರು, ಎರಡ್ನೇ ಮೇಲಿಗೆ ಆಯ್ತು ಅಂದ್ರು.

ಕೊನೇ ಕಂತು ಬಂದು ಒಂದು ತಿಂಗಳಾಗಿತ್ತು. ಹೊಸ ಅಡುಗೆಮನೆ, ಹೊಸ ಬಣ್ಣ, ಸ್ಟೋರ್ ರೂಮಲ್ಲಿ ಹೊಸ ಅಟ್ಟ. ಒಂದು ಸಂಜೆ ಹಾಲಿನ ಬಲ್ಬು ಹೋಯ್ತು. ಹೊಸ ಬಲ್ಬು ಕೈಯಲ್ಲಿ ಹಿಡ್ಕೊಂಡು ಸ್ಟೋರ್ ರೂಮಿಗೆ ಹೋಗಿ ಬಾಗಿಲ ಹಿಂದೆ ಕೈ ಹಾಕಿದೆ, ಬರೀ ಗೋಡೆ ಸಿಕ್ತು. ಅಲ್ಲೇ ನಿಂತು "ಏಣಿ!" ಅಂತ ಕೂಗ್ದೆ. ನನ್ನ ಹೆಂಡ್ತಿ ಓಡಿ ಬಂದ್ಲು, ಬಾಗಿಲ ಹಿಂದೆ ನೋಡಿದ್ಲು, ನನ್ನ ನೋಡಿದ್ಲು, "ಅಯ್ಯೋ, ನಾನು ಒಳಗೆ ಬಂದ ಮೇಲೆ ಬಾಗಿಲು ಹಾಕ್ಲೇ ಇಲ್ಲ ಕಣ್ರೀ" ಅಂದ್ಲು. ನೋಟ್‌ಬುಕ್ಕಲ್ಲಿ ಮುನ್ನೂರ ನಲವತ್ತೊಂದು, ಮರದ ಏಣಿ, ಆರು ಮೆಟ್ಟಿಲಿಂದು, ಅಂತ ಬರ್ದು ತಾರೀಕು ಹಾಕಿಟ್ಟೆ. ಬಲ್ಬನ್ನ ಕುರ್ಚಿ ಮೇಲೆ ಕುರ್ಚಿ ಇಟ್ಟು ಹಾಕಿದ್ವಿ.